ಫೋನಿನ ದನಿ ಕಾರಿಗೆ ಹೋದ ಮಧ್ಯಾಹ್ನ

ಬಸುರಿ ಬಾಣಂತಿಯರ ಮನೆಗಳಿಗೇ ಹೋಗಿ ನೋಡಿಕೊಂಡು ಬರುವ ಆ ನರ್ಸಿಗೆ ಆಸ್ಪತ್ರೆಯವರು ಇಟ್ಟ ಹೆಸರು 'ಗಾಬರಿ ಸಿಸ್ಟರ್'. ಇಟ್ಟವರದ್ದು ತಪ್ಪೇನಿಲ್ಲ. ಹಗ್ಗ ಕಂಡು ಹಾವೆನ್ನುವವರು ಇರುತ್ತಾರೆ. ಈಕೆ ಹಗ್ಗವೇ ಇಲ್ಲದ ಕಡೆಯೂ ಒಮ್ಮೆ ಬಗ್ಗಿ ನೋಡಿ ಕಾಲಿಡುವವಳು. ಬೀದಿಯ ತಿರುವಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ವಾಪಸು ಬರುತ್ತಿದ್ದಳು. ಆದರೆ ಬಸುರಿಯ ಹೊಟ್ಟೆಯ ಮೇಲೆ ಇಟ್ಟಾಗ ಮಾತ್ರ ಆ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ.

ಈ ನಡುವೆ ಅವಳ ಗಾಬರಿಗೆ ಹೊಸದೊಂದು ಕಾರಣ ಸಿಕ್ಕಿತ್ತು. ಅವಳದು ಯಾರೋ ಓಡಿಸಿ ಬಿಟ್ಟ ಹಳೆಯ ಕಾರು. ಅದರ ನಡುವೆ ಅಂಗೈಯಷ್ಟು ಅಗಲದ ಒಂದು ಪರದೆ. ಫೋನನ್ನು ಅದಕ್ಕೆ ಜೋಡಿಸಿದರೆ ದಾರಿಯ ನಕ್ಷೆ ಅಲ್ಲೇ ಕಾಣುತ್ತಿತ್ತು, ಕರೆ ಬಂದರೆ ಸ್ಟಿಯರಿಂಗ್ ಬಿಡದೆ ಮಾತಾಡಬಹುದಿತ್ತು. ಮೊದಮೊದಲು ಎಲ್ಲ ಸರಿಯಾಗಿತ್ತು. ಆಮೇಲೆ ಅದು ಹಟಮಾರಿ ಮಗುವಿನಂತೆ ಆಡತೊಡಗಿತು. ಒಮ್ಮೆ ಫೋನ್ ಸಿಕ್ಕಿತು ಎನ್ನುವುದು, ಮರುಕ್ಷಣ ಸಿಗಲಿಲ್ಲ ಎನ್ನುವುದು. ಕೆಲವೊಮ್ಮೆ ಕರೆ ಎತ್ತಿದರೆ ಬಾವಿಯೊಳಗೆ ಇಣುಕಿದಂಥ ನಿಶ್ಶಬ್ದ.

ಅವಳ ಗಂಡ ದರ್ಜಿ. ಯಂತ್ರ ಯಾವುದಾದರೂ ಅವನ ಮದ್ದು ಒಂದೇ: ಆರಿಸಿ ಹಚ್ಚುವುದು. ಫೋನ್ ಆರಿಸಿ ಹಚ್ಚಿದ, ಕಾರು ಆರಿಸಿ ಹಚ್ಚಿದ, ಕೇಬಲನ್ನು ತೆಗೆದು ಉಫ್ ಎಂದು ಊದಿ ಮತ್ತೆ ಚುಚ್ಚಿದ. "ನೋಡು, ಬಂತು!" ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಹೋಯಿತು.

"ಯಾರಾದ್ರೂ ಅರ್ಜೆಂಟ್ ಫೋನ್ ಮಾಡಿದಾಗಲೇ ಇದು ಹೀಗೆ ಮಾಡಿದ್ರೆ ಏನ್ರೀ ಗತಿ?" ಎಂದಳು.

"ಆಗದೇ ಇರೋದನ್ನೆಲ್ಲ ಯಾಕೆ ಯೋಚನೆ ಮಾಡ್ತೀಯ?" ಎಂದು ಅವನು ಹೊಲಿಗೆ ಯಂತ್ರದ ಕಡೆ ತಿರುಗಿದ.

ಅವಳು ಯೋಚಿಸುತ್ತಿದ್ದದ್ದು ಬೇಕರಿಯವನ ಹೆಂಡತಿಯನ್ನು. ಚೊಚ್ಚಲ ಬಸುರಿ, ಎಂಟನೇ ತಿಂಗಳಿಗೆ ಬಿದ್ದಾಗಿನಿಂದ ರಕ್ತದೊತ್ತಡ ಏರುತ್ತಿತ್ತು. ಆಸ್ಪತ್ರೆಗೆ ಸೇರಿಕೊಳ್ಳಿ ಎಂದರೆ "ನನಗೇನಾಗಿದೆ ಸಿಸ್ಟರ್, ಚೆನ್ನಾಗೇ ಇದೀನಲ್ಲ" ಎಂದು ನಗುತ್ತಿದ್ದಳು. ಅದಕ್ಕೇ ನರ್ಸು ದಿನಕ್ಕೊಮ್ಮೆ ಕಾರಿನಿಂದಲೇ ಬೇಕರಿಯವನಿಗೆ ಫೋನ್ ಮಾಡಿ ಅದೇ ಪಾಠ ಒಪ್ಪಿಸುತ್ತಿದ್ದಳು: ತಲೆ ಸಿಡಿದರೆ, ಕಣ್ಣು ಮಂಜಾದರೆ ಕೂಡಲೇ ಹೇಳು, ಎಡಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಹಾಕಬೇಡ, ಆಂಬುಲೆನ್ಸಿಗೆ ಫೋನ್ ಮಾಡು. ಒಮ್ಮೊಮ್ಮೆ ಕಾರಿನಲ್ಲಿ ಪಕ್ಕಕ್ಕೆ ಕೂತಿರುತ್ತಿದ್ದ ಅವಳ ಅತ್ತೆಗೆ ಕೇಳಿ ಕೇಳಿ ಬೇಸರ. "ಆ ಹುಡುಗನಿಗೆ ಅದು ಬಾಯಿಪಾಠ ಆಗಿದೆ ಬಿಡೇ. ನನಗೂ ಆಯ್ತು" ಎನ್ನುತ್ತಿದ್ದಳು.

ಆ ದಿನ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರುವ ದಾರಿಯಲ್ಲಿ ಒಬ್ಬ ಬಾಣಂತಿಯ ಹೊಲಿಗೆ ನೋಡುವುದಿತ್ತು. ಅತ್ತೆಯ ಕಣ್ಣಿಗೆ ಹನಿ ಹಾಕಿದ್ದರು. ಎದುರಿಗಿದ್ದದ್ದೆಲ್ಲ ಹಾಲು ಚೆಲ್ಲಿದಂತೆ ಕಾಣುತ್ತಿತ್ತು.

"ಅತ್ತೆ, ನೀವು ಇಳೀಬೇಡಿ. ಮೆಟ್ಟಿಲು ಕಾಣದೆ ಬಿದ್ದುಗಿದ್ದೀರಿ. ಫ್ಯಾನ್ ಹಾಕಿಟ್ಟಿರ್ತೀನಿ, ಈಗ ಬಂದೆ."

"ಹೋಗು ತಾಯಿ. ನಾನೇನು ಕಾರು ಓಡಿಸಿಕೊಂಡು ಹೋಗ್ತೀನಾ?"

ಬಾಗಿಲ ಪಕ್ಕದಲ್ಲೇ ಕಾರು. ಒಳಗಿನ ಕೋಣೆಯ ಕಿಟಕಿಯ ಹೊರಗೆ ಅದರ ಬೆನ್ನು ಕಾಣುತ್ತಿತ್ತು. ನರ್ಸು ಕೈಗವಸು ತೊಟ್ಟು, ಪಟ್ಟಿ ಬಿಚ್ಚಿ, ಹೊಲಿಗೆಯ ಅಂಚನ್ನು ನೋಡುತ್ತಿದ್ದಾಗ ಚೀಲದಲ್ಲಿದ್ದ ಫೋನ್ ಹೊಡೆದುಕೊಂಡಿತು. "ಸ್ವಲ್ಪ ಎತ್ತಿ, ಕಿವಿ ಹತ್ರ ಹಿಡೀರಿ" ಎಂದು ಬಾಣಂತಿಯ ತಾಯಿಗೆ ಹೇಳಿದಳು. ಫೋನಿನ ಪರದೆಯ ಮೇಲೆ ಬೇಕರಿಯವನ ಹೆಸರು ಕಂಡಿತು.

"ಹಲೋ? ಹಲೋ, ಹೇಳಪ್ಪಾ!"

ದನಿಯಿಲ್ಲ. ಕರೆ ಮಾತ್ರ ನಡೆಯುತ್ತಲೇ ಇತ್ತು. ಅವಳು ಕೂಗಿದಳು. ಅತ್ತ ಕಡೆಯಿಂದ ಉಸಿರೂ ಕೇಳಲಿಲ್ಲ. ಅವನು ಮಾತಾಡುತ್ತಿಲ್ಲವೇ, ಮಾತಾಡಲಾಗದ ಸ್ಥಿತಿಯಲ್ಲಿದ್ದಾನೆಯೇ, ಫೋನೇ ಕೆಟ್ಟಿತೇ? ಬಿಚ್ಚಿದ ಪಟ್ಟಿಯನ್ನು ಹಾಗೇ ಬಿಡುವಂತಿಲ್ಲ. ಮುಚ್ಚಲು ಹೊಸ ಪಟ್ಟಿಗೆ ಕೈ ಹಾಕಿದಳು. ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಮೊಳಗತೊಡಗಿತು. ಮೊಳಗಿತು, ಮೊಳಗಿತು, ನಿಲ್ಲಲೇ ಇಲ್ಲ. ತೊಟ್ಟಿಲ ಮಗು ಬೆಚ್ಚಿ ಚೀರಿತು. ಬೀದಿಯ ಕಿಟಕಿಗಳೆಲ್ಲ ತೆರೆದವು.

ಅತ್ತೆಗೇ ಏನೋ ಆಯಿತು ಎಂದುಕೊಂಡಳು ನರ್ಸು. ಹೇಗೋ ಪಟ್ಟಿ ಅಂಟಿಸಿ, ಫೋನ್ ಕಸಿದುಕೊಂಡು, ಕೈಗವಸಿನಲ್ಲೇ ಓಡಿದಳು.

ಕಾರಿನೊಳಗೆ ನಡೆದದ್ದು ಹೀಗೆ. ಫ್ಯಾನಿಗೆಂದು ಕೀಲಿ ತಿರುಗಿಸಿಟ್ಟಿದ್ದರಿಂದ ಪರದೆಯೂ ಎಚ್ಚರವಾಗಿತ್ತು. ದಾರಿಯುದ್ದಕ್ಕೂ ಸಿಗದೆ ಸತಾಯಿಸಿದ ಫೋನನ್ನು ಈಗ ಗೋಡೆಯಾಚೆಯಿಂದ, ಕೇಬಲಿಲ್ಲದೆ ಬ್ಲೂಟೂತಿನಲ್ಲಿ, ತಾನೇ ಹುಡುಕಿ ಹಿಡಿದಿತ್ತು. ಕರೆ ಎತ್ತಿದ್ದು ಒಳಗೆ. ದನಿ ಬಂದದ್ದು ಕಾರಿನ ಸ್ಪೀಕರಿನಲ್ಲಿ. ಮಾತು ಹೋಗುತ್ತಿದ್ದದ್ದೂ ಕಾರಿನ ಮೈಕಿನಿಂದಲೇ. ಕಣ್ಣು ಮುಚ್ಚಿ ಕೂತಿದ್ದ ಅತ್ತೆಯ ಮುಖದೆದುರು ಇದ್ದಕ್ಕಿದ್ದಂತೆ ಗಂಡಸೊಬ್ಬ ಅಳತೊಡಗಿದ್ದ.

"ಸಿಸ್ಟರ್, ಇವಳಿಗೆ ತಲೆ ಸಿಡೀತಿದೆಯಂತೆ. ಕಣ್ಣು ಕಾಣ್ತಿಲ್ಲ ಅಂತಾಳೆ. ಏನ್ಮಾಡ್ಲಿ?"

ಅತ್ತೆ ಮೊದಲು ಬೆಚ್ಚಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು: "ಅಪ್ಪಾ, ನಾನು ಸಿಸ್ಟರ್ ಅಲ್ಲ, ಅವಳ ಅತ್ತೆ. ಕೇಳು. ಎಡಮಗ್ಗುಲಿಗೆ ಮಲಗಿಸು. ಬಾಯಿಗೆ ಏನೂ ಹಾಕಬೇಡ, ನೀರೂ ಬೇಡ. ಪಕ್ಕದವರ ಫೋನಿಂದ ಆಂಬುಲೆನ್ಸ್ ಕರೆಸು. ಇದನ್ನ ಇಡಬೇಡ. ನಾನು ಅವಳನ್ನ ಕರೀತೀನಿ." ಅಷ್ಟು ಹೇಳಿ, ತಡಕಾಡಿ, ಸ್ಟಿಯರಿಂಗಿನ ನಡುವೆ ಎರಡೂ ಅಂಗೈ ಒತ್ತಿ ಮೈಭಾರ ಬಿಟ್ಟಿದ್ದಳು.

ಓಡಿ ಬಂದ ಸೊಸೆಯತ್ತ ಅತ್ತೆ ಕೂಗಿದಳು: "ಬೇಗ ಹತ್ತೇ! ಬೇಕರಿ ಹುಡುಗ. ಅವನ ಹೆಂಡ್ತಿಗೆ ಕಣ್ಣು ಕಾಣ್ತಿಲ್ಲವಂತೆ!"

ಕಾರು ಹೊರಟಿತು. ಬೇಕರಿಯವನ ದನಿ ಕಾರಿನಲ್ಲಿ ಸ್ವಲ್ಪ ದೂರ ಜೊತೆಗೆ ಬಂತು. ಆಂಬುಲೆನ್ಸ್ ಹೊರಟಿದೆಯಂತೆ, ಆದರೆ ದೊಡ್ಡ ರಸ್ತೆಯಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡಿವೆಯಂತೆ. ನರ್ಸು ಕಾರನ್ನು ಒಳಗಲ್ಲಿಗೆ ತಿರುಗಿಸಿದಳು. "ಉಸಿರು ನೋಡು. ಕತ್ತು ಪಕ್ಕಕ್ಕೇ ಇರಲಿ. ಅವಳ ಹೆಸರು ಹಿಡಿದು ಕೂಗು, ಓ ಅಂತಾಳಾ?"

"ಓ ಅಂದ್ಲು... ಸಿಸ್ಟರ್, ಅವಳ ಕೈ ಏನೋ—"

ಪರದೆ ಕಪ್ಪಾಯಿತು. ಮತ್ತೆ ಬೆಳಗಿ, ಫೋನ್ ಹುಡುಕುತ್ತಿದ್ದೇನೆ ಎಂದು ಒಂದು ಚಕ್ರ ತಿರುಗಿಸಿಕೊಂಡು ಕೂತಿತು. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಗುಂಡಿ ಒತ್ತಿದಳು. ಎದುರಿಗೆ ಬಂದ ಸೈಕಲ್ ಕೂದಲೆಳೆಯಲ್ಲಿ ತಪ್ಪಿತು. ಬೆವರು ಕಣ್ಣಿಗಿಳಿಯಿತು.

"ಆ ಪೆಟ್ಟಿಗೆ ಸಹವಾಸ ಸಾಕು. ಫೋನ್ ನನ್ನ ಕೈಗೆ ಕೊಡು, ನೀನು ರಸ್ತೆ ನೋಡು" ಎಂದಳು ಅತ್ತೆ.

ನರ್ಸು ಕಾರನ್ನು ಬದಿಗೆ ನಿಲ್ಲಿಸಿದಳು. ಫೋನಿನ ಬ್ಲೂಟೂತ್ ಆರಿಸಿ, ಬೇಕರಿಯವನಿಗೆ ಕರೆ ಮಾಡಿ, ಫೋನಿನದೇ ಸ್ಪೀಕರ್ ಹಾಕಿ ಅತ್ತೆಯ ಕೈಗಿಟ್ಟಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಣತೆಯಂತೆ ಹಿಡಿದು ಕೂತಳು. ಆ ಕಡೆಯಿಂದ ಬಂದದ್ದು ಒಂದೇ ಮಾತು: "ಒದ್ದಾಡ್ತಿದಾಳೆ ಸಿಸ್ಟರ್, ಕೈಕಾಲು ಸೆಟೆದುಕೊಳ್ತಿದೆ!"

"ಹಿಡಿದು ಒತ್ತಬೇಡ. ತಲೆ ಕೆಳಗೆ ದಿಂಬು ಕೊಡು. ಬಂದೆ, ನಿನ್ನ ಬೀದಿಗೇ ಬಂದೆ."

ಇನ್ನೂ ಬಂದಿರಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ, ಅಂದು ಹೇಳಿದಳು.

ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ಪಕ್ಕ, ಹೆಂಡತಿ ನೆಲದ ಮೇಲಿದ್ದಳು. ಫಿಟ್ಸ್ ಆಗತಾನೇ ನಿಂತಿತ್ತು. ತುಟಿಗಳಿಗೆ ಮೆಲ್ಲಗೆ ಬಣ್ಣ ಮರಳುತ್ತಿತ್ತು. ನರ್ಸಿನ ಚೀಲದಲ್ಲಿ ಅದಕ್ಕೆಂದೇ ಇಟ್ಟ ಇಂಜೆಕ್ಷನ್ ಇತ್ತು. ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿ, ಅವರು ಹೇಳಿದಂತೆ ಕೊಟ್ಟಳು. ಕೈ ನಡುಗಲಿಲ್ಲ. ಹೊಟ್ಟೆಗೆ ಯಂತ್ರ ಇಟ್ಟು ಮಗುವಿನ ಎದೆಬಡಿತ ಹುಡುಕಿದಳು. ಮೊದಲು ಸಿಗಲಿಲ್ಲ. ಬೇಕರಿಯವನು ಅವಳ ಮುಖವನ್ನೇ ನೋಡುತ್ತಿದ್ದ. ಜಾಗ ಸ್ವಲ್ಪ ಸರಿಸಿದಾಗ ಕೇಳಿತು: ನಿಧಾನವಾಗಿ, ಆದರೆ ಬಿಡದೆ. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ಅಂದು ಸಂಜೆಯೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು, ಒಂದು ಬ್ರೆಡ್ಡಿನಷ್ಟು ಎಂದ ಬೇಕರಿಯವನು, ಅಳುತ್ತ ನಗುತ್ತ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿಗೆ ಪೂರ್ತಿ ಎಚ್ಚರವಾಗುವವರೆಗೆ ನರ್ಸು ಗಂಟಲಿಗೆ ನೀರೂ ಇಳಿಸಲಿಲ್ಲ.

ಕಾರನ್ನು ಆಡಿಯೋ ಅಂಗಡಿಯವನ ಹತ್ತಿರ ಒಯ್ದಾಗ ಅವನು ಮೊದಲು ಫೋನಿನ ಚಾರ್ಜಿಂಗ್ ತೂತಿನಿಂದ ಹಲ್ಲುಕಡ್ಡಿಯಲ್ಲಿ ಹತ್ತಿಯ ಧೂಳು ಕೆದಕಿ ತೆಗೆದ. ಚೀಲದ ಹತ್ತಿಯೇ ಅಲ್ಲಿ ಬಿಗಿದುಕೊಂಡು ಕುಳಿತು ಕೇಬಲನ್ನು ನೆಲೆ ನಿಲ್ಲಲು ಬಿಟ್ಟಿರಲಿಲ್ಲ. ಆಮೇಲೆ ಪರದೆಯಲ್ಲಿ ಏನೋ ತೆರೆದು ನಕ್ಕ.

"ಅಕ್ಕಾ, ನಿಮ್ಮ ಕಾರು ಹಳೇ ಗಂಡಂದಿರನ್ನೆಲ್ಲ ನೆನಪಿಟ್ಕೊಂಡಿದೆ. ಮುಂಚಿನ ಓನರ್ ಮನೆಯವರ ಫೋನೆಲ್ಲ ಇದರಲ್ಲೇ ಇದಾವೆ. ಹೊಸಬರಿಗೆ ಜಾಗ ಎಲ್ಲಿ?" ಎಲ್ಲವನ್ನೂ ಅಳಿಸಿ, ಅವಳ ಫೋನಿನಲ್ಲೂ ಕಾರಿನ ಹೆಸರು ತೆಗೆದು, ಹೊಸದಾಗಿ ಜೋಡಿಸಿದ. "ಮಾತಾಡ್ತಿರುವಾಗ ದನಿ ಕಾರಿಗೆ ಹೋದ್ರೆ, ಫೋನಲ್ಲೇ ಈ ಸ್ಪೀಕರ್ ಗುರುತು ಒತ್ತಿ, 'ಫೋನ್' ಅಂತ ಇರೋದನ್ನ ಮುಟ್ಟಿ. ದನಿ ನಿಮ್ಮ ಕೈಗೇ ವಾಪಸ್ ಬರುತ್ತೆ."

ಅಷ್ಟೇ. ಆ ಒಂದು ಗುರುತು ಗೊತ್ತಿದ್ದರೆ! ಅತ್ತೆ ಅಂದು ಕಾರಿನಲ್ಲಿ ಇರದಿದ್ದರೆ? ಫ್ಯಾನನ್ನೇ ಹಾಕಿರದಿದ್ದರೆ ದನಿ ಫೋನಿನಲ್ಲೇ ಉಳಿಯುತ್ತಿತ್ತೇ? ಅವಳ ಮನಸ್ಸು ಎಷ್ಟೋ ದಿನ ಆ ದಾರಿಯನ್ನೇ ತುಳಿಯಿತು. ಗಂಡ ಈಗ "ಯಾಕೆ ಯೋಚನೆ ಮಾಡ್ತೀಯ" ಎನ್ನುವುದನ್ನು ಬಿಟ್ಟಿದ್ದ. ಸುಮ್ಮನೆ ಎದ್ದು ನೀರು ತಂದುಕೊಡುತ್ತಿದ್ದ.

ತಾಯಿ ಮಗು ಮನೆಗೆ ಬಂದ ಮೇಲೆ ನರ್ಸು ನೋಡಲು ಹೋದಳು. ಬೇಕರಿಯವನ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದಳು: "ನನಗೆ ಏನೂ ನೆನಪಿಲ್ಲ ಸಿಸ್ಟರ್. ನಿಮಗೆ ಭಯ ಆಗಲಿಲ್ವಾ?"

"ಆಯ್ತಮ್ಮ. ಈಗಲೂ ಆಗ್ತಿದೆ. ಹೆರಿಗೆ ಆಯ್ತು ಅಂತ ಬಿಪಿ ತಕ್ಷಣ ಇಳಿಯೋದಿಲ್ಲ. ಎಲ್ಲಿ, ತೋಳು ಕೊಡಿ" ಎಂದು ಬಿಪಿ ಯಂತ್ರದ ಪಟ್ಟಿ ಬಿಚ್ಚಿದಳು ಗಾಬರಿ ಸಿಸ್ಟರ್.

ಈ ಸಲ ಆ ಹುಡುಗಿ ನಗಲಿಲ್ಲ. ಮಗುವನ್ನು ಗಂಡನ ಕೈಗೆ ದಾಟಿಸಿ, ತೋಳು ಚಾಚಿದಳು.