ಯಾವ ವಾರ ಎಂದು ಕೇಳುವ ಕಿಟಕಿ

ಆಸ್ಪತ್ರೆಯಲ್ಲಿ ವೈದ್ಯರ ಹೆಸರು ಬಾಗಿಲ ಮೇಲಿರುತ್ತದೆ, ದಾನಿಗಳ ಹೆಸರು ಕಲ್ಲಿನ ಮೇಲಿರುತ್ತದೆ. ಔಷಧ ಕೊಡುವವರಿಗೆ ಇರುವುದು ಒಂದು ಕಿಟಕಿ ಮಾತ್ರ. ಗಾಜಿನ ಕೆಳಗಿನ ಕಂಡಿಯಲ್ಲಿ ಜನರಿಗೆ ಕಾಣುವುದು ಅವರ ಎರಡು ಕೈಗಳಷ್ಟೇ. ಕಳೆದ ತಿಂಗಳು ನಮ್ಮ ಆಸ್ಪತ್ರೆಯ ಔಷಧ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾದ ಹಿರಿಯರು ಆ ಕಂಡಿಯ ಮಟ್ಟಕ್ಕೆ ಬಗ್ಗಿ ಬಗ್ಗಿ, ಮುಖ ತೋರಿಸಿ ಮಾತಾಡಿಯೇ ಬೆನ್ನುನೋವು ತಂದುಕೊಂಡವರು. ಚೀಟಿಯಲ್ಲಿ ಬರೆದದ್ದನ್ನು ಕೊಟ್ಟು ಕೈತೊಳೆದುಕೊಳ್ಳುವುದೇ ಕೆಲಸವೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಆ ಮಾತ್ರೆ ಮನೆಗೆ ಹೋದ ಮೇಲೆ ಏನಾಗುತ್ತದೆಂಬುದೂ ತಮ್ಮ ಹೊಣೆಯೇ ಎಂದು ನಂಬಿ, ಆ ನಂಬಿಕೆಯನ್ನು ಇಡೀ ವಿಭಾಗದ ಶಿಸ್ತಾಗಿಸಿದವರು. ರೋಗಿಗಳ ಬಾಯಲ್ಲಿ ಅವರು ‘ವಾರದಮ್ಮ’. ಆ ಅಡ್ಡಹೆಸರು ಬಂದ ಬಗೆ ಸಂತೋಷದ ಕಥೆಯಲ್ಲ. ಆದರೂ ಅದನ್ನು ಮುಚ್ಚಿಟ್ಟು ಹೊಗಳಿದರೆ, ಹೊಗಳಿಸಿಕೊಳ್ಳಲು ಅವರೇ ಒಪ್ಪಲಾರರು.

ಸೇವೆಗೆ ಸೇರಿದ ಹೊಸತರಲ್ಲಿ ಅವರಿಗೆ ಸಿಕ್ಕಿದ್ದು ನೆಲಮಾಳಿಗೆಯ ದಾಸ್ತಾನು ಕೋಣೆ. ಹಗಲಲ್ಲೂ ದೀಪ ಬೇಕು, ಗೋಡೆಯಲ್ಲಿ ತೇವ, ಸ್ಪಿರಿಟ್ಟಿನ ವಾಸನೆ ಸೀರೆಯಿಂದ ಹೋಗುವಂತಿಲ್ಲ. ಅವಧಿ ಮುಗಿಯಲಿರುವ ಔಷಧವನ್ನು ಮುಂದಿನ ಸಾಲಿಗೆ ತರುವುದು, ಒಂದೇ ತರಹ ಕಾಣುವ ಎರಡು ಡಬ್ಬಗಳನ್ನು ಅಕ್ಕಪಕ್ಕ ಇಡದಿರುವುದು, ಮುಂತಾಗಿ ಇಂದು ನಮಗೆ ಅಭ್ಯಾಸವಾಗಿರುವ ಎಷ್ಟೋ ಕ್ರಮಗಳು ಆ ಕತ್ತಲಲ್ಲಿ ಹುಟ್ಟಿದವು. ಮೇಲಿನ ಕಿಟಕಿಗೆ ಬಂದ ಮೇಲೆ ಅವರ ಕಣ್ಣು ಮನುಷ್ಯರ ಮೇಲೆ ಬಿತ್ತು. ಕಣ್ಣು ಕಾಣದ ಮುದುಕರೊಬ್ಬರ ಸೀಸೆಗಳಿಗೆ, ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು ಎಂದು ರಬ್ಬರ್ ಬ್ಯಾಂಡು ಸುತ್ತಿ ಕೊಟ್ಟರು. ಮಗುವಿಗೆ ಜ್ವರವೆಂದು ಮುಖ ಸಪ್ಪೆ ಮಾಡಿಕೊಂಡು ಬಂದ ಸಹೋದ್ಯೋಗಿಯನ್ನು, ಕೇಳುವ ಮೊದಲೇ ಮನೆಗೆ ಅಟ್ಟಿ, ಆ ಪಾಳಿಯನ್ನೂ ತಾವೇ ಹೊತ್ತರು. ಹಾಗೆಂದು ಮೃದು ಮಾತಿನವರೇನಲ್ಲ. ಮಗುವಿಗೆ ಮಿಠಾಯಿಯೆಂದು ಹೇಳಿ ಮಾತ್ರೆ ನುಂಗಿಸುತ್ತೇನೆಂದು ಹೆಮ್ಮೆಯಿಂದ ಹೇಳಿದ ತಾಯಿಯೊಬ್ಬಳಿಗೆ ಸಾಲಿನ ಮುಂದೆಯೇ ಬಿಸಿ ಮುಟ್ಟಿಸಿದ್ದರು.

“ಇವತ್ತು ನೀನು ಮಿಠಾಯಿ ಅಂದೆ. ನಾಳೆ ಡಬ್ಬಿ ಅದರ ಕೈಗೇ ಸಿಕ್ರೆ? ಅದು ನಿನ್ನ ಮಾತು ನಂಬಿರುತ್ತೆ ಕಣಮ್ಮ, ಪಾಪ. ಮೇಲಿಡು, ಬೀಗ ಹಾಕು, ಕಹಿ ಅಂತ ನಿಜ ಹೇಳು.”

ಹೀಗೆ ಊರವರ ಮನೆಯ ಮಾತ್ರೆಗಳನ್ನೆಲ್ಲ ಕಾಯುತ್ತಿದ್ದವರಿಗೆ ತಮ್ಮ ಅಕ್ಕನ ಮನೆಯೊಂದು ಕೈತಪ್ಪಿತು.

ಅಕ್ಕ ಅವರಿಗಿಂತ ಬಹಳ ದೊಡ್ಡವರು, ತಾಯಿಯಿಲ್ಲದ ತಂಗಿಯನ್ನು ಸಾಕಿ ಬೆಳೆಸಿದವರು. ಭಾವ ಕೈಗಡಿಯಾರ ರಿಪೇರಿ ಮಾಡುವವರು. ಅವರ ಮೇಜಿನ ಮೇಲೆ ಸಣ್ಣ ಸಣ್ಣ ಖಾನೆಗಳ ತಟ್ಟೆಯೊಂದಿತ್ತು. ತಿರುಪು, ಹಲ್ಲುಚಕ್ರ, ಮುಳ್ಳು ಎಲ್ಲಕ್ಕೂ ಒಂದೊಂದು ಮನೆ, ಯಾವ ಖಾನೆಯೂ ಖಾಲಿ ಇರಬಾರದು. ಅಕ್ಕನ ಬೆರಳುಗಳ ಕೀಲು ಊದಿ, ಲೋಟ ಹಿಡಿಯಲಾಗದಂತಾದಾಗ ವೈದ್ಯರು ಉಳಿದ ಮಾತ್ರೆಗಳ ಜೊತೆಗೆ ಹಳದಿ ಬಣ್ಣದ ಪುಟ್ಟ ಮಾತ್ರೆಯೊಂದನ್ನು ಬರೆದುಕೊಟ್ಟರು. ವಾರಕ್ಕೆ ಒಂದೇ ದಿನ, ಬುಧವಾರ ಮಾತ್ರ ನುಂಗಬೇಕಾದದ್ದು. ಹೆಂಡತಿಯ ಕೈಗೆ ಮಾತ್ರೆಯ ಪಟ್ಟಿ ಬಿಡಿಸುವ ಕಷ್ಟ ಬೇಡವೆಂದು ಭಾವ ಏಳು ಖಾನೆಗಳ ಮಾತ್ರೆಪೆಟ್ಟಿಗೆ ತಂದು, ಪ್ರತಿ ವಾರ ತಾವೇ ತುಂಬತೊಡಗಿದರು. ಮೊದಲ ಕೆಲವು ವಾರ ಸರಿಯಾಗಿಯೇ ತುಂಬಿದರು. ಆಮೇಲೆ ಒಂದು ಖಾನೆಯಲ್ಲಿ ಹಳದಿ ಇದ್ದು ಉಳಿದವುಗಳಲ್ಲಿ ಇಲ್ಲದಿರುವುದು ಅವರ ಕಣ್ಣಿಗೆ ಕೆಲಸ ಅರ್ಧಕ್ಕೆ ನಿಂತಂತೆ ಕಂಡಿತು. ಒಂದು ದಿನದ್ದರಿಂದಲೇ ಇಷ್ಟು ಗುಣವಾದರೆ ದಿನವೂ ಕೊಟ್ಟರೆ ಬೇಗ ವಾಸಿಯಾದೀತೆಂದು ಮನಸ್ಸೂ ಹೇಳಿತು. ಎಲ್ಲ ಖಾನೆಗೂ ಒಂದೊಂದು ಹಾಕಿದರು. ಪಟ್ಟಿ ಖಾಲಿಯಾದಾಗ ಬೀದಿಯ ತಿರುವಿನ ಔಷಧದಂಗಡಿಯಲ್ಲಿ ಹಳೆಯ ಪಟ್ಟಿಯನ್ನೇ ತೋರಿಸಿದರು. ಅಂಗಡಿಯವನು ಏನೂ ಕೇಳದೆ ಇನ್ನೊಂದನ್ನು ಕೊಟ್ಟ.

ಆ ದಿನಗಳಲ್ಲಿ ಅಕ್ಕ ಒಮ್ಮೆ ಫೋನು ಮಾಡಿದ್ದರು. ಕಿಟಕಿಯ ಮುಂದೆ ಸಾಲು ಬಾಗಿಲು ದಾಟಿತ್ತು.

“ಬಾಯೆಲ್ಲಾ ಹುಣ್ಣು ಕಣೇ. ನೀರು ಕುಡಿದ್ರೂ ಉರಿ.”

“ಉಷ್ಣ ಆಗಿರುತ್ತೆ ಬಿಡಕ್ಕ. ತಣ್ಣಗಿರೋ ಹಾಲು ಕುಡಿ. ಸಾಯಂಕಾಲ ಮಾಡ್ತೀನಿ, ಜನ ಕಾಯ್ತಿದ್ದಾರೆ.”

“ನೀನು ಯಾವತ್ತು ಫ್ರೀ ಇದ್ದೆ ಹೇಳು. ಆಗ್ಲಿ, ಊಟ ಮಾಡು ಟೈಮಿಗೆ.”

ಸಾಯಂಕಾಲ ಫೋನು ಮಾಡಲಾಗಲಿಲ್ಲ. ಅಕ್ಕ ಜ್ವರದಿಂದ ಆಸ್ಪತ್ರೆ ಸೇರಿದಾಗ ರಕ್ತದ ಕಣಗಳು ಪಾತಾಳಕ್ಕಿಳಿದಿದ್ದವು. ವಾರ್ಡಿನ ಹೊರಗೆ ಭಾವ ಚೀಲದಿಂದ ಪೆಟ್ಟಿಗೆ ತೆಗೆದು ಕೈಗಿಟ್ಟರು. “ನೋಡಮ್ಮ, ಒಂದು ದಿನಾನೂ ತಪ್ಪಿಸಿಲ್ಲ ನಾನು” ಎಂದರು. ಇನ್ನೂ ನುಂಗದೆ ಉಳಿದಿದ್ದ ಪ್ರತಿಯೊಂದು ಖಾನೆಯಲ್ಲೂ ಹಳದಿ ಮಾತ್ರೆ. ತಂಗಿ ಮುಚ್ಚಳ ಹಾಕಿ, ಒಳಗೆ ಹೋಗಿ ವೈದ್ಯರಿಗೆ ಹೇಳಿದರು. ಮಾಡಬೇಕಾದದ್ದನ್ನೆಲ್ಲ ಮಾಡಿದರು, ಹೊತ್ತು ಮೀರಿತ್ತು. ಅಕ್ಕ ಹೋದರು.

ಸಂಬಂಧಿಕರೆಲ್ಲ ಭಾವನನ್ನು ಕೊಂಡಾಡಿದರು, ಹೆಂಡತಿಯನ್ನು ಮಗುವಿನ ಹಾಗೆ ನೋಡಿಕೊಂಡನಲ್ಲ ಎಂದು. ತಂಗಿ ಬಾಯಿಬಿಡಲಿಲ್ಲ. ಹೇಳಿದರೆ ಹೋದವರು ಬರುವುದಿಲ್ಲ; ಇರುವವರನ್ನಾದರೂ ಯಾಕೆ ಕೊಲ್ಲಬೇಕು ಎಂಬುದು ಅವರ ಲೆಕ್ಕ. ಆ ಲೆಕ್ಕ ತಿಂಗಳೊಪ್ಪತ್ತು ನಿಲ್ಲಲಿಲ್ಲ. ಒಂದು ಸಂಜೆ ಭಾವನಿಗೆ ಊಟ ಕೊಟ್ಟುಬರಲು ಅವರ ಗಡಿಯಾರದಂಗಡಿಗೆ ಹೋದಾಗ, ಅವರು ಗಡಿಯಾರದಿಂದ ತಲೆಯೆತ್ತದೆ, ಏನೋ ಒಳ್ಳೆಯ ಕೆಲಸದ ಸುದ್ದಿಯೆಂಬಂತೆ ಹೇಳಿದರು.

“ನಿಮ್ಮಕ್ಕನ ಮಾತ್ರೆ ಉಳಿದಿತ್ತಲ್ಲ, ಪಕ್ಕದ ಮನೆ ಟೀಚರಮ್ಮಂಗೆ ಕೊಟ್ಟೆ. ಅವರಿಗೂ ಮಂಡಿ ನೋವಂತೆ. ಹಾಳು ಯಾಕೆ ಮಾಡೋದು?”

“ಯಾವ ಮಾತ್ರೆ ಭಾವ?”

“ಅದೇ, ಹಳದೀದು. ದಿನಕ್ಕೊಂದು ಅಂತ ಹೇಳಿದೀನಿ.”

ಅವರು ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಓಡಿದರು. ಟೀಚರಮ್ಮ ಬಾಗಿಲು ತೆರೆದಾಗ ಅವರ ತುಟಿಯಂಚಿನಲ್ಲಿ ಆಗಲೇ ಹುಣ್ಣೆದ್ದಿತ್ತು. ಮಾತ್ರೆ ಕಿತ್ತುಕೊಂಡು, ಅವರನ್ನು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಸೇರಿಸಿ, ಅಪಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಅಂಗಡಿಗೆ ಮರಳಿದರು. ಭಾವ ಬಾಗಿಲು ಹಾಕದೆ ಕಾಯುತ್ತಿದ್ದರು. ಊಟದ ಡಬ್ಬಿ ಹಾಗೆಯೇ ಇತ್ತು. ಮತ್ತೊಬ್ಬರ ಕೈಗೆ ಮಾತ್ರೆ ಹೋಗದಿರಬೇಕಾದರೆ ಯಾಕೆಂದು ಹೇಳಲೇಬೇಕಿತ್ತು. ಅವರು ಹೇಳಿದರು, ಒಂದನ್ನೂ ಬಿಡದೆ.

ಭಾವ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದು, ಒರೆಸಿ, ಅದರ ಖಾನೆಯಲ್ಲಿಟ್ಟರು.

“ಹಾಗಾದ್ರೆ ಆ ಬಾಯಿಹುಣ್ಣು?”

“ಅದರಿಂದಾನೇ ಭಾವ.”

“ನಿನಗೆ ಫೋನಲ್ಲಿ ಹೇಳಿದ್ಲಲ್ಲ ಅವಳು.”

“ಹೇಳಿದ್ಲು.”

ಅಂದಿನಿಂದ ಅವರಿಬ್ಬರ ನಡುವೆ ಮಾತು ಹೆಚ್ಚುಕಡಿಮೆ ನಿಂತೇಹೋಯಿತು. ಜಗಳವಲ್ಲ, ಒಬ್ಬರ ಮುಖ ಒಬ್ಬರು ನೋಡಿದರೆ ಇಬ್ಬರಿಗೂ ಕಾಣುವುದು ಅದೊಂದೇ ಆಗಿತ್ತು. ಅವರು ಮರುದಿನದಿಂದ ಕಿಟಕಿಯಲ್ಲಿ ಹೊಸ ಪದ್ಧತಿ ಹಾಕಿದರು. ಹಳದಿ ಮಾತ್ರೆ ಪಡೆಯುವವರು ಯಾರೇ ಇರಲಿ, “ಯಾವ ವಾರ?” ಎಂದು ಕಿಟಕಿಯಲ್ಲಿರುವವರು ಕೇಳಬೇಕು, ತೆಗೆದುಕೊಳ್ಳುವವರು ತಮ್ಮ ಬಾಯಿಂದಲೇ ವಾರದ ಹೆಸರು ಹೇಳಬೇಕು, ಹೇಳದವರಿಗೆ ಮಾತ್ರೆಯಿಲ್ಲ. ಬಾಯಿಹುಣ್ಣು ಎಂದು ಯಾರು ಬಂದರೂ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ತಂದು ತೋರಿಸುವವರೆಗೆ ಬಿಡುತ್ತಿರಲಿಲ್ಲ. ಸತ್ತವರ ಮಾತ್ರೆಗಳನ್ನು ಮರಳಿ ತಂದು ಹಾಕಲು ಬಾಗಿಲ ಬಳಿ ಬೀಗದ ಪೆಟ್ಟಿಗೆ ಇಡಿಸಿದರು. “ಸಂತೆ ಹರಟೆ ಹೊಡೀತಾ ಕೂತರೆ ಸಾಲು ಕರಗೋದು ಯಾವಾಗ?” ಎಂದು ಅಧೀಕ್ಷಕರು ಗೊಣಗಿದ್ದುಂಟು. ಸಾಲು ಕರಗಲಿಲ್ಲ, ಅವರೂ ಕರಗಲಿಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಅಕ್ಕನ ಕಥೆ ಹೇಳುತ್ತಿದ್ದರು. ಫೋನಿನ ಮಾತು ಬಂದಾಗ ದನಿ ಇಳಿಯುತ್ತಿತ್ತು, ಆದರೆ ಆ ಭಾಗವನ್ನು ಎಂದೂ ಹಾರಿಸಿದವರಲ್ಲ.

ಭಾವ ಅಂಗಡಿ ಮುಚ್ಚಿದ ಮೇಲೆ ಪ್ರತಿ ಬುಧವಾರ ಆಸ್ಪತ್ರೆಗೆ ಬರತೊಡಗಿದರು. ಕಿಟಕಿಯೆದುರಿನ ಬೆಂಚಿನ ತುದಿಯಲ್ಲಿ ಕೂತು, ಒಳಗಿನಿಂದ “ಯಾವ ವಾರ?” ಎಂಬ ದನಿ ಬಂದಾಗಲೆಲ್ಲ ತಲೆ ತಗ್ಗಿಸುತ್ತಿದ್ದರು. ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದರು. ಅದು ತಮಗೆ ವಿಧಿಸಿಕೊಂಡ ಶಿಕ್ಷೆಯೋ, ನಾದಿನಿಗೆ ಕೊಡುತ್ತಿದ್ದ ಶಿಕ್ಷೆಯೋ, ಇಬ್ಬರಿಗೂ ಬೇಕಾಗಿದ್ದ ಜೊತೆಯೋ, ಒಳಗಿದ್ದವರಿಗೂ ತಿಳಿಯಲಿಲ್ಲ. ಅವರು ಒಮ್ಮೊಮ್ಮೆ ಹೊರಗೆ ನೀರು ಕಳಿಸುತ್ತಿದ್ದರು. ಭಾವ ಕುಡಿದು, ಲೋಟವನ್ನು ಕಂಡಿಯಲ್ಲಿ ಇಟ್ಟು ಹೋಗುತ್ತಿದ್ದರು. ವರ್ಷಗಳು ಹೀಗೆಯೇ ಸಂದವು.

ಬೀಳ್ಕೊಡುಗೆಯ ದಿನ ಬುಧವಾರವಾಗಿರಲಿಲ್ಲ, ಆದರೂ ಭಾವ ಬಂದಿದ್ದರು. ಮೇಲಿನ ಸಭಾಂಗಣಕ್ಕೆ ಕರೆದರೆ ತಲೆಯಾಡಿಸಿ ಬೆಂಚಿನಲ್ಲೇ ಉಳಿದರು. ಎಲ್ಲರೂ ಸಮಾರಂಭಕ್ಕೆ ಹೋಗಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳೇ ಕಿಟಕಿಯಲ್ಲಿದ್ದಳು, ಸಾಲು ಬೆಳೆದಿತ್ತು. ಭಾಷಣಗಳ ನಡುವೆ, ಮರೆತ ಕನ್ನಡಕ ತರಲೆಂದು ಕೆಳಗಿಳಿದ ನಮ್ಮ ಹಿರಿಯರು ಮೆಟ್ಟಿಲ ತಿರುವಿನಲ್ಲೇ ನಿಂತರು. ತಾಯಿಗೆ ಔಷಧ ಒಯ್ಯಲು ಬಂದಿದ್ದ ಒಬ್ಬಾತನ ಮುಂದೆ ಆ ಹುಡುಗಿ ಹಳದಿ ಮಾತ್ರೆಯ ಪಟ್ಟಿಯನ್ನು ತಳ್ಳಿ ಮುಂದಿನ ಚೀಟಿಗೆ ಕೈಚಾಚಿದ್ದಳು. ಬೆಂಚಿನಿಂದ ಭಾವ ಎದ್ದರು.

“ಒಂದ್ನಿಮಿಷ ತಾಯಿ. ಯಾವ ವಾರ ಅಂತ ಕೇಳ್ಲಿಲ್ಲ ನೀನು.”

“ಯಾವ ವಾರ ಅಂದ್ರೆ? ದಿನಾ ತಾನೆ ಕೊಡೋದು?” ಎಂದ ಆತ.

“ದಿನಾ ಅಲ್ಲಪ್ಪ” ಎಂದರು ಭಾವ. ಆಮೇಲೆ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, “ನಾನು ದಿನಾ ಕೊಟ್ಟೋನು” ಎಂದರು.

ಆತ ಪಟ್ಟಿಯನ್ನೂ ಮುದುಕರನ್ನೂ ನೋಡಿದ. ಹುಡುಗಿ ಚೀಟಿ ವಾಪಸು ಪಡೆದು ಅದರಲ್ಲಿದ್ದ ವಾರವನ್ನು ನಿಧಾನವಾಗಿ ಓದಿ ಹೇಳಿದಳು, ಆಮೇಲೆ ಕೇಳಿದಳು; ಆತ ‘ಶುಕ್ರವಾರ’ ಎಂದು ಬಾಯಿಬಿಟ್ಟು ಹೇಳಿದ. ಹಿರಿಯರು ಉಳಿದ ಮೆಟ್ಟಿಲಿಳಿದು ಬಂದು, ಕನ್ನಡಕದ ಮಾತೆತ್ತದೆ, ಬೆಂಚಿನ ಮೇಲೆ ಭಾವನ ಪಕ್ಕ ಕೂತರು. ಮೇಲೆ ಅವರ ಹೆಸರು ಕೂಗುತ್ತಿದ್ದರು.

ಈ ಮಾತುಗಳನ್ನು ಬೀಳ್ಕೊಡುಗೆಯ ನೆನಪಿನ ಈ ಪುಸ್ತಕದಲ್ಲಿ ಅಚ್ಚು ಹಾಕಬಹುದೇ ಎಂದು ಕೇಳಿದಾಗ ಭಾವನವರು, “ಹಾಕಿ, ಯಾರಾದ್ರೂ ಒಬ್ಬರು ಓದ್ತಾರೆ” ಎಂದಷ್ಟೇ ಹೇಳಿದರು. ನಮ್ಮ ಹಿರಿಯರು ವಾರಕ್ಕೊಮ್ಮೆಯಾದರೂ ಬಂದು, ಹೊಸಬರನ್ನು ಕೂರಿಸಿಕೊಂಡು ಆ ಕಥೆಯನ್ನು ಅದೇ ರೀತಿ ಹೇಳುತ್ತಿರಲೆಂದು ವಿಭಾಗದ ಎಲ್ಲರ ಪರವಾಗಿ ಬೇಡಿಕೊಳ್ಳುತ್ತೇವೆ. ಅವರ ಬೆನ್ನುನೋವು ಕಡಿಮೆಯಾಗಲಿ, ಆಯುಷ್ಯ ಹೆಚ್ಚಲಿ. ಇನ್ನು ಮುಂದಿನ ಬುಧವಾರಗಳು ಅವರಿಬ್ಬರ ಮೇಲೂ ಸ್ವಲ್ಪ ಹಗುರವಾಗಿ ಬರಲಿ.