ಹಣಮಪ್ಪನ ಗುಡಿ ಮುಂದೆ ಎರಡು ಮೇಳ

ಕ್ಲಾರಿಯೋನೆಟ್ಟಿನ ರೀಡನ್ನು ತುಟಿಗಳ ನಡುವೆ ನೆನೆಯಲು ಇಟ್ಟುಕೊಂಡಾಗ ಅಪ್ಪ ಮಾತನಾಡುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿದ್ದರೆ ಎರಡು ಬೆರಳು ಉಜ್ಜಿ ತೋರಿಸುತ್ತಿದ್ದರು. ಅವ್ವ ಕಂಡೂ ಕಾಣದ ಹಾಗೆ ಒಲೆಯ ಕಡೆ ತಿರುಗುತ್ತಿದ್ದಳು. ಬಾಯಲ್ಲಿ ಆ ತೆಳ್ಳನೆಯ ಜೊಂಡಿನ ಸೀಳು ಇದ್ದಷ್ಟು ಹೊತ್ತು ಮನೆಯಲ್ಲಿ ಅವಳದೇ ಮಾತು.

ಅಪ್ಪ ಸಿಂದಗಿಯಲ್ಲಿ ಮದುವೆ ಬ್ಯಾಂಡಿನ ಮಾಸ್ತರರು. ಹರೆಯದಲ್ಲಿ ಮಿಲಿಟರಿ ಬ್ಯಾಂಡಿನಲ್ಲಿದ್ದು, ಐದು ಗೆರೆಗಳ ಮೇಲೆ ಸ್ವರ ಬರೆಯುವುದನ್ನು ಅಲ್ಲಿ ಕಲಿತು ಬಂದಿದ್ದರು. ನನಗೂ ಕಲಿಸಿದ್ದರು. ಎಪ್ಪತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಾಗ, ಪ್ರತಿಯೊಬ್ಬ ವಾದಕನ ಪಾಲನ್ನು ಬೇರೆ ಬೇರೆ ಹಾಳೆಗೆ ಇಳಿಸಿ ಕೊಡುವ ಕೆಲಸ ನನಗೆ ಬಂತು. ಮಾತು ಕಡಿಮೆಯಿರುವ ಕೆಲಸ, ನನಗೆ ಒಗ್ಗಿತು.

ಬರುವಾಗ ನನ್ನ ಟ್ರಂಕಿನಲ್ಲಿ ಒಂದು ಗ್ರಾಮಾಫೋನ್ ರೆಕಾರ್ಡ್ ಇತ್ತು. ನಮ್ಮ ಇಂಗ್ಲಿಷ್ ಅಧ್ಯಾಪಕಿ ಊರು ಬಿಡುವಾಗ ಕೊಟ್ಟದ್ದು. ಜಾಝ್ ನುಡಿಸುವ ಕಹಳೆಯವರೂ ಪಿಟೀಲಿನವರೂ ದೊಡ್ಡ ಮೇಳವಾಗಿ ಸೇರಿ ನುಡಿಸಿದ ಹೊಸ ಬಗೆಯ ಸಂಗೀತ. ಗುನುಗಲು ಬರುವ ಧಾಟಿ ಅದರಲ್ಲಿ ಇರಲಿಲ್ಲ. ಒಂದು ಗುಂಪು ಒಂದು ಲಯದಲ್ಲಿ ಹೋಗುತ್ತಿದ್ದರೆ ಇನ್ನೊಂದು ಅದಕ್ಕೆ ಅಡ್ಡ ಬರುತ್ತಿತ್ತು. ನಮ್ಮಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲದ್ದರಿಂದ ಓಣಿಯ ಮೈಕ್‌ಸೆಟ್ ಅಂಗಡಿಗೆ ಒಯ್ದೆವು. ಅಂಗಡಿಯವನು ಹುರುಪಿನಿಂದ ಅದನ್ನು ಹೊರಗಿನ ಭೋಂಗಾ ಸ್ಪೀಕರಿಗೇ ಜೋಡಿಸಿಬಿಟ್ಟ. ಓಣಿಯೆಲ್ಲ ಕೇಳಬೇಕಾಯಿತು.

"ಏನ್ರಿ ಮಾಸ್ತರ, ಬಸ್‌ಸ್ಟ್ಯಾಂಡಿನ್ಯಾಗ ಎಲ್ಲಾ ಡ್ರೈವರ್ ಒಮ್ಮೆಲೆ ಹಾರ್ನ್ ಹೊಡದಂಗ ಐತಲ್ರಿ!" ಎಂದ ನಮ್ಮ ಬ್ಯಾಂಡಿನ ಕಾರ್ನೆಟ್ ಹುಡುಗ. ಪುಟ್ಟ ಕಹಳೆಯಂಥ ಆ ವಾದ್ಯವನ್ನು ಸುತ್ತಲಿನ ತಾಲೂಕುಗಳಲ್ಲಿ ಅವನಷ್ಟು ಚೆಂದ ಊದುವವರು ಇರಲಿಲ್ಲ.

"ಸುಮ್ಕಿರಲೇ," ಎಂದರು ಅಪ್ಪ. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದರು. "ಇವರು ಜಗಳಾ ಆಡಾಕತ್ತಿಲ್ಲ. ಒಬ್ಬರ ಮಾತು ಒಬ್ಬರು ಕೇಳಿಕೋಂತನ ಮಾತಾಡಾಕತ್ತಾರ."

ಅವರಿಗೆ ನೆನಪಾದದ್ದು ನಮ್ಮ ಮದುವೆಗಳಲ್ಲಿ ಬೀಗರನ್ನು ಎದುರುಗೊಳ್ಳುವ ಹೊತ್ತು. ಗಂಡಿನ ದಿಬ್ಬಣ ಊರ ಹೊರಗಿನ ಹಣಮಪ್ಪನ ಗುಡಿಗೆ ಬಂದು ನಿಲ್ಲುತ್ತದೆ. ಹೆಣ್ಣಿನವರು ಅಲ್ಲಿಗೆ ಹೋಗುತ್ತಾರೆ. ಎರಡೂ ಕಡೆಯ ಮೇಳಗಳು ಮುಖಾಮುಖಿ ನಿಂತು, ಒಂದು ಇನ್ನೊಂದನ್ನು ಮುಳುಗಿಸುವ ಹಾಗೆ ಬಾರಿಸುತ್ತವೆ. ಮೊದಲು ನಿಲ್ಲಿಸಿದವರು ಸೋತಂತೆ. ಸೋತ ಕಡೆಯ ಹಿರಿಯರು ಗೆದ್ದ ಮೇಳದವರ ಕೊರಳಿಗೆ ಟಾವೆಲ್ ಹಾಕಿ ಊರೊಳಗೆ ಕರೆತರಬೇಕು.

ಅಪ್ಪ ಈ ಜಗಳವನ್ನೇ ಒಂದು ಕೃತಿಯಾಗಿ ಬರೆಯಲು ಕುಳಿತರು. ಇಂಡಿಯ ಹತ್ತಿರದ ಲಿಂಬೆ ತೋಟದ ಗೌಡರ ಮಗಳ ಮದುವೆಗೆ ನಮ್ಮ ಬ್ಯಾಂಡು ಗೊತ್ತಾಗಿತ್ತು. ಗಂಡು ತಂಗಡಗಿಯವನು. ಅವರ ಕಡೆಯಿಂದ ಅದೇ ಊರಿನ ಕರಡಿ ಮಜಲು ಬರುವುದಿತ್ತು: ಕರಡಿ ಎಂಬ ದೊಡ್ಡ ಚರ್ಮವಾದ್ಯ, ಚೌಡಿಕೆ, ತಾಳ, ಶಹನಾಯಿ. ಆ ಮೇಳದ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅಪ್ಪ ಹೋಗಿ ಕೇಳಿದಾಗ ಅವರು ನಕ್ಕು, "ವೈರಿ ಮನಿಗೇ ಬಂದು ಕೂಡಿ ಬಾರಸೂಣು ಅಂತಾನ, ಇವಗೇನು ತಲಿ ಕೆಟ್ಟೈತಿ?" ಎಂದು, ಕೂಡಲೇ ಒಪ್ಪಿಕೊಂಡರಂತೆ.

ಒಪ್ಪದವರು ನಮ್ಮ ಬ್ಯಾಂಡಿನಲ್ಲೇ ಇದ್ದರು. ಕಾರ್ನೆಟ್ ಹುಡುಗನಿಗೂ ಅವನ ಇಬ್ಬರು ಗೆಳೆಯರಿಗೂ ವಿಜಾಪುರದ ಹೊಸ ಆರ್ಕೆಸ್ಟ್ರಾದಿಂದ ಕರೆ ಬಂದಿತ್ತು. ಅಲ್ಲಿ ಕರೆಂಟಿನ ಗಿಟಾರು, ಸ್ಟೇಜು, ಸಿನಿಮಾ ಹಾಡು. "ಈ ಮದುವಿ ನೋಡ್ತೇವ್ರಿ ಮಾಸ್ತರ. ಮಂದಿ ಮೆಚ್ಚಿದ್ರ ಇಲ್ಲೇ ಇರ್ತೇವಿ. ಇಲ್ಲಂದ್ರ ನಮ್ಮ ಹಾದಿ ನಮಗ," ಎಂದಿದ್ದರು. ಊದುವವರಲ್ಲಿ ಆ ಮೂವರು ಹೋದರೆ ಬ್ಯಾಂಡಿನಲ್ಲಿ ಉಳಿಯುವುದು ಹೆಚ್ಚುಕಡಿಮೆ ಡೋಲು ಮತ್ತು ಅಪ್ಪ.

ಕೃತಿಯ ನಡುವೆ ಅಪ್ಪ ಒಂದು ಮೌನ ಬರೆದಿದ್ದರು. ಎರಡು ಮೇಳಗಳ ಗದ್ದಲ ತುದಿಗೆ ಏರಿದಾಗ ಮೊದಲು ಬ್ಯಾಂಡು ಥಟ್ಟನೆ ನಿಲ್ಲಬೇಕು. ಕರಡಿಯೊಂದೇ ನಾಲ್ಕು ಪೆಟ್ಟು ಹೊಡೆದು ತಾನೂ ನಿಲ್ಲಬೇಕು. ಅಪ್ಪ ಎತ್ತಿದ ಕೈ ಮೇಲೆಯೇ ಇರುವವರೆಗೆ ಯಾವ ಸದ್ದೂ ಇಲ್ಲ. ಕೈ ಇಳಿದಾಗ ಶಹನಾಯಿಯೊಂದೇ ಸಣ್ಣಗೆ ಎತ್ತಿಕೊಳ್ಳಬೇಕು. ತಂಗಡಗಿಯಲ್ಲಿ, ಹೊಳೆಯ ದಂಡೆಯ ಹೊಲದಲ್ಲಿ, ಎರಡೂ ಮೇಳದವರು ಕೂಡಿ ತಾಲೀಮು ಮಾಡಿದರು. ನಾನೂ ಹಾಳೆಗಳನ್ನು ಹಿಡಿದು ಹೋಗಿದ್ದೆ. ಆ ಮೌನ ಬಂದಾಗ ಹೊಳೆಯ ನೀರು ಕೇಳಿಸಿತು. ನನಗೆ ಆ ಕೃತಿಯಲ್ಲಿ ಅದಕ್ಕಿಂತ ಇಷ್ಟವಾದ ಜಾಗ ಬೇರೆ ಇರಲಿಲ್ಲ. ಅಲ್ಲಿ ಬೀಗರು ಇರಲಿಲ್ಲವಾದ್ದರಿಂದ ಮುಂದೆ ಏನಾಗಬಹುದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮದುವೆಯ ಹಿಂದಿನ ದಿನ ಇಳಿಹೊತ್ತಿಗೆ ಗುಡಿಯ ಮುಂದೆ ಜನ ತುಂಬಿದ್ದರು. ನಾನು ಹೆಂಗಸರ ಜೊತೆ ಕಟ್ಟೆಯ ಮೇಲೆ ನಿಂತಿದ್ದೆ. ಮೊದಲ ಭಾಗ ಅಪ್ಪ ಅಂದುಕೊಂಡ ಹಾಗೆಯೇ ಹೋಯಿತು. ಕಾರ್ನೆಟ್ ಮತ್ತು ಶಹನಾಯಿ ಒಂದರ ಬೆನ್ನಿಗೆ ಒಂದು ಬಿದ್ದಂತೆ ಬಂದಾಗ ಜನ ಮಾತು ಬಿಟ್ಟು ತಿರುಗಿ ನೋಡಿದರು. ಅಪ್ಪ ಕೈ ಎತ್ತಿದರು. ಬ್ಯಾಂಡು ನಿಂತಿತು. ಕರಡಿಯ ನಾಲ್ಕು ಪೆಟ್ಟು ಮುಗಿಯುವ ಮೊದಲೇ ಗಂಡಿನವರು ಟಾವೆಲ್ ಬೀಸತೊಡಗಿದರು.

"ಸೋತ್ರು! ಸೋತ್ರಲೇ! ಬೀಗರ ಬ್ಯಾಂಡ್ ಕುಂತ್ ಹೋತು!"

"ಗೌಡ್ರ, ಟಾವೆಲ್ ತರಸ್ರಿ! ನಿಮ್ಮ ಮಾಸ್ತರಗ ಉಸರು ಸಾಲವಲ್ದು!"

ಗೌಡರ ಮುಖ ಕಪ್ಪಿಟ್ಟಿತು. ಅಪ್ಪನ ಕೈ ಮೇಲೆಯೇ ಇತ್ತು. ಅಷ್ಟರಲ್ಲಿ ಕಾರ್ನೆಟ್ ಹುಡುಗ ಗಲ್ಲ ಉಬ್ಬಿಸಿ ಸಿನಿಮಾ ಹಾಡೊಂದನ್ನು ಊದಿಬಿಟ್ಟ. ಅವನ ಗೆಳೆಯರು ಸೇರಿಕೊಂಡರು. ಈಗ ಹೆಣ್ಣಿನವರು ಕುಣಿಯತೊಡಗಿದರು.

"ಬಾರಸೋ ಕಾಕಾ! ಕೈ ಬ್ಯಾನಿ ಬಂತೇನು?" ಎಂದು ಗಂಡಿನವರು ಕೂಗಿದರು.

ಕಾಕಾ ಬಾರಿಸಲಿಲ್ಲ. ಕೋಲನ್ನು ಕರಡಿಯ ಮೇಲೆ ಅಡ್ಡ ಇಟ್ಟು ಅಪ್ಪನ ಕೈಯನ್ನೇ ನೋಡುತ್ತ ನಿಂತರು. ಅವರ ಕಡೆಯವರೇ ಬೈದರು, ಒಬ್ಬ ಭುಜ ಹಿಡಿದು ಅಲುಗಾಡಿಸಿದ. ಅಪ್ಪ ಕೈ ಇಳಿಸಿದ ಮೇಲೆಯೇ ಅವರು ಹಿಂದಕ್ಕೆ ತಿರುಗಿ ಶಹನಾಯಿಯವನಿಗೆ ಸನ್ನೆ ಮಾಡಿದರು. ಆ ಶಹನಾಯಿ ಯಾರಿಗೂ ಕೇಳಿಸಲಿಲ್ಲ. ಗೆದ್ದವರು ನಾವಾದೆವು. ಗಂಡಿನ ಸೋದರಮಾವ ಬುಸುಗುಡುತ್ತ ಬಂದು ನಮ್ಮವರ ಕೊರಳಿಗೆ ಟಾವೆಲ್ ಹಾಕಿದ.

ಮರುದಿನ ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ಕಾರ್ನೆಟ್ ಹುಡುಗ ಅಪ್ಪನ ಹತ್ತಿರ ಬಂದ. ಟಾವೆಲ್ ಅವನ ಹೆಗಲ ಮೇಲೆ ಇತ್ತು.

"ಸಿಟ್ಟಾಗಬ್ಯಾಡ್ರಿ ಮಾಸ್ತರ. ಮಂದಿ ನಗಾಕತ್ತಿದ್ರ ಸುಮ್ಕ ಹ್ಯಾಂಗ ನಿಂದ್ರೂದು?"

"ನೀ ಊದಿದ್ದು ತಪ್ಪಲ್ಲೋ. ನಾ ಎಲ್ಲಾ ವಾದ್ಯಕ್ಕೂ ಬರದೆ, ಮಂದೀಗೆ ಬರೀಲಿಲ್ಲ."

"ಹಂಗಾರ ಅದನ್ನ ಬಿಟ್ಟುಬಿಡ್ರಿ. ನಾವು ಎಲ್ಲಿಗೂ ಹೋಗೂದಿಲ್ಲ."

ಅಪ್ಪ ಕ್ಲಾರಿಯೋನೆಟ್ಟನ್ನು ಒರೆಸತೊಡಗಿದರು. "ಬಿಡಾಕ ಆಗೂದಿಲ್ಲಪಾ. ಬರೂ ಬಸವನ ಬಾಗೇವಾಡಿ ಮದುವ್ಯಾಗ ಮತ್ತ ಬಾರಸ್ತೇನಿ. ಈ ಸಲ ಗುಡಿ ಮುಂದ ಅಲ್ಲ. ಟಾವೆಲ್ ಹಾಕಿದ ಮ್ಯಾಲೆ, ಹಂದರದಾಗ."

ಹುಡುಗ ಕಾಲು ಮುಟ್ಟಿ ನಮಸ್ಕರಿಸಿದ. ಸಂಜೆಯ ಬಸ್ಸಿಗೆ ಮೂವರೂ ವಿಜಾಪುರಕ್ಕೆ ಹೋದರು. ಬ್ಯಾಂಡಿನ ಕೆಂಪು ಕೋಟುಗಳನ್ನು ಮಡಚಿ ನಮ್ಮ ಗಾಡಿಯಲ್ಲಿ ಇಟ್ಟಿದ್ದರು.

ಸಿಂದಗಿಗೆ ಮರಳಿದ ಮೇಲೆ ಅವ್ವ ಕೇಳಿದಳು: "ಊದವ್ರ ಇಲ್ಲ, ಬಾಗೇವಾಡಿಗೆ ಏನು ಬರೇ ಕೋಟು ಒಯ್ತೀರೇನು?"

ಹೋದ ಮೂವರ ಜಾಗದಲ್ಲಿ ತಂಗಡಗಿಯ ಶಹನಾಯಿ ಇದ್ದರೆ ಆಗುವುದಿಲ್ಲವೇ ಎಂದು ನಾನು ಅಪ್ಪನನ್ನು ಕೇಳಿದೆ. ಅಪ್ಪ ತಲೆ ಎತ್ತಿದರು. ಕಾರ್ನೆಟ್ಟಿನ ಸಾಲನ್ನು ಬೆರಳಿನಿಂದ ತೊಡೆಯ ಮೇಲೆ ಬಾರಿಸಿ ನೋಡಿದರು.

"ಆಗ್ತೈತಿ. ಖರೇ ಅಂದ್ರ ಅದಕಿಂತ ಚಲೋ ಆಗ್ತೈತಿ. ಆದ್ರ ಕಾಕಾಗ ನಾ ಯಾ ಬಾಯಿಲೆ ಕೇಳ್ಲಿ? ನನ್ನ ಮಾತಿಗೆ ನಿಂತು ಅವನ ಮರ್ಯಾದಿ ಹೋತು, ತನ್ನ ಊರವರ ಮುಂದನ."



ಮರುದಿನ ಬೆಳಿಗ್ಗೆ ಅವ್ವನಿಗೆ ಮಾತ್ರ ಹೇಳಿ ಮುದ್ದೇಬಿಹಾಳದ ಬಸ್ಸು ಹತ್ತಿದೆ. ತಾಳಿಕೋಟೆಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಕಾಕಾನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿದೆ, ಕೆಡಿಸಿದೆ. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ತಂಗಡಗಿಯಲ್ಲಿ ಇಳಿದಾಗ ಅವರು ಮನೆಯ ಮುಂದೆ ಕರಡಿಯ ಹಗ್ಗ ಬಿಗಿಯುತ್ತ ಕುಳಿತಿದ್ದರು.

"ಮಾಸ್ತರ ಮಗಳಲ್ಲೇನವ್ವಾ ನೀ? ಅಪ್ಪ ಕಳಿಸ್ಯಾನೇನು?"

"ಇಲ್ರಿ ಕಾಕಾ, ನಾನಽ ಬಂದೇನಿ," ಎಂದೆ. ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಬಾಗೇವಾಡಿಗೆ ಇಬ್ಬರು ಶಹನಾಯಿಯವರನ್ನು ಕೇಳಿದೆ.