ಉಪ್ಪಿನ ಆಗರದಿಂದ ಅಕ್ಕನ ಚಾಳಿನವರೆಗೆ

ಗ್ರಾಂಟ್ ರೋಡಿನ ಲಾಡ್ಜಿನಿಂದ ಭಾನುವಾರ ಬೆಳಿಗ್ಗೆ ಹೊರಟೆ. ಪಕ್ಕದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಸ್ಲೋ ಲೋಕಲ್ ಹತ್ತಿದೆ. ರಜೆಯ ದಿನವಾದ್ದರಿಂದ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಧಾರವಾಡದಿಂದ ಆಫೀಸಿನ ಕೆಲಸಕ್ಕೆಂದು ಬಂದಿದ್ದ ನನ್ನನ್ನು ಜೋಗೇಶ್ವರಿಯ ಸಾಲುಮನೆಗಳ ಚಾಳಿನಲ್ಲಿರುವ ಅಕ್ಕ ಸರೋಜಾ ಗೋರೆಗಾಂವ್‌ಗೆ ಕರೆದಿದ್ದಳು. "ಖಾಡಿ ದಂಡಿ ಮ್ಯಾಲ ಹಳೇ ಕಥಿ ಹೇಳ್ತಾರಂತ, ಬಾ," ಎಂದಷ್ಟೇ ಹೇಳಿದ್ದಳು.

ಗೋರೆಗಾಂವ್ ಸ್ಟೇಷನ್ನಿನಲ್ಲಿ ಅಕ್ಕ ಕಾಯುತ್ತಿದ್ದಳು; ಅಲ್ಲಿಂದ ರಿಕ್ಷಾ ಹಿಡಿದೆವು. ಎತ್ತರದ ಬಿಲ್ಡಿಂಗುಗಳು ಮುಗಿದಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ದಂಡೆಗೆ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು ಗೋಡೆ ಎದುರಾಯಿತು. ಕೆಸರಿನ ವಾಸನೆ, ಅದರ ಮೇಲೆ ಓಡಾಡುವ ಸಣ್ಣ ಏಡಿಗಳು, ಜನವರಿಯ ಹಿತವಾದ ಬಿಸಿಲು. ಮೂವತ್ತು ನಲವತ್ತು ಜನ ಸೇರಿದ್ದರು.

ಮಾತಾಡಿದವರು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪೂರ್ವಾ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಹಳೆಯ ನಕಾಶೆ ಬಿಡಿಸಿ ಹಿಂದಿಯಲ್ಲಿ ವಿವರಿಸಿದರು. ಈ ಕಾಡು ಮೊದಲಿನಿಂದ ಇದ್ದದ್ದಲ್ಲ. ಒಮ್ಮೆ ಇಲ್ಲಿ ಒಡ್ಡು ಕಟ್ಟಿ ಭತ್ತ ಬೆಳೆದರು, ಆಮೇಲೆ ಸಮುದ್ರದ ನೀರು ನಿಲ್ಲಿಸಿ ಉಪ್ಪು ತೆಗೆಯುವ ಆಗರ ಮಾಡಿದರು. ಆಗರ ಪಾಳು ಬಿದ್ದ ಮೇಲೆ ಕಾಂಡ್ಲಾ ಹಬ್ಬಿತು. ನನಗೆ ಅಚ್ಚರಿ. ಕಾಡು ಎಂದರೆ ಹಳೆಯದು ಎಂದೇ ನಾನು ತಿಳಿದಿದ್ದೆ.

ಎದುರಿನ ಬಿಲ್ಡಿಂಗಿನ ಹಿರಿಯರೊಬ್ಬರು ಎದ್ದು ನಿಂತರು. "ಎಲ್ಲವೂ ಮನುಷ್ಯರೇ ಮಾಡಿದ್ದಾದರೆ ನಾವೂ ಮಣ್ಣು ತುಂಬಿ ಪಾರ್ಕಿಂಗ್ ಮಾಡಿದರೆ ತಪ್ಪೇನು?"

ಪೂರ್ವಾ ನಕಾಶೆಯತ್ತ ಬೆರಳು ಮಾಡಿದರು. "ಗದ್ದೆಯಿದ್ದಾಗಲೂ ಆಗರವಿದ್ದಾಗಲೂ ನೀರಿಗೆ ಬಂದು ಹೋಗಲು ದಾರಿ ಬಿಟ್ಟಿದ್ದರು," ಎಂದರು. ಹಿರಿಯರು ತಲೆಯಾಡಿಸಿದರು, ಒಪ್ಪಲಿಲ್ಲ.

ಆಗ ಅಕ್ಕ ಎದ್ದಳು. ನಾಲ್ಕು ಜನರೆದುರು ಬಾಯಿ ಬಿಡದವಳು. ಹಿಂದಿಯಲ್ಲಿ ಆರಂಭಿಸಿ ತಡವರಿಸಿದಳು.

"ಅಕ್ಕಾ, ಕನ್ನಡದಲ್ಲೇ ಹೇಳಿ. ನನಗೆ ಸಮಜ್ ಆಗ್ತದೆ, ಮಾತಾಡ್ಲಿಕ್ಕೆ ಮಾತ್ರ ಕಚ್ಚಾ," ಎಂದರು ಪೂರ್ವಾ.

"ಹಿಂದಕ್ಕ ಊರೆಲ್ಲಾ ಮುಳುಗಿಸಿದ ಆ ದೊಡ್ಡ ಮಳಿ ಆತಲ್ಲರಿ, ಆವಾಗ ನಮ್ಮ ಚಾಳಿನ್ಯಾಗ ನೀರು ಬಾಗಲದಿಂದ ಬರಲಿಲ್ಲ. ಬಚ್ಚಲ ಮೋರಿಯಿಂದ ಮ್ಯಾಲೆ ಬಂತು. ಅತ್ತಿಯವರನ್ನ ಅಟ್ಟದ ಮ್ಯಾಲ ಹತ್ತಿಸಿ, ಕೂಸಿನ್ನ ಹೆಗಲ ಮ್ಯಾಲ ಹೊತ್ತು ನಿಂತಿದ್ದೆ. ನೀರಿಗೆ ಹೋಗಾಕ ಜಾಗಾ ಸಿಗಲಿಲ್ಲ, ನಮ್ಮ ಮನೀಗೆ ಬಂತು."

ಪೂರ್ವಾ ಅದನ್ನು ಹಿಂದಿಗೆ ತಿರುಗಿಸಿದರು. ಹಿರಿಯರು ಕೂತೇ ಮೆಲ್ಲಗೆ ಹೇಳಿದರು: "ನಮ್ಮ ಲಿಫ್ಟಿನ ಕೆಳಗಿನ ಹೊಂಡದಲ್ಲೂ ಮಳೆಗಾಲಕ್ಕೆ ನೀರು ತುಂಬುತ್ತದೆ." ಪಾರ್ಕಿಂಗಿನ ಮಾತು ಮತ್ತೆ ಬರಲಿಲ್ಲ.

ವಾಪಸ್ ಲೋಕಲ್‌ನಲ್ಲಿ ಕೇಳಿದೆ: "ಆವಾಗ ಫೋನಿನ್ಯಾಗ ಎಲ್ಲಾ ಆರಾಮ ಅಂದಿದ್ದಿ?"

"ಅಂದಿದ್ದೆ. ಇಲ್ಲಾಂದ್ರ ಅವ್ವ ಊರಿಗೆ ಬಾ ಅಂತಿದ್ಲು. ನಂಗ ಇಲ್ಲೇ ಇರೂದಿತ್ತು."

ಜೋಗೇಶ್ವರಿಗೆ ಮುಂಚೆ ರೈಲು ಖಾಡಿಗೆ ಸೇರುವ ನಾಲೆ ದಾಟಿತು. ಅಕ್ಕ ಕಿಟಕಿಯಿಂದ ಬೆರಳು ತೋರಿಸಿದಳು. ಬಗ್ಗಿ ನೋಡಿದೆ. ಸಮುದ್ರ ಉಬ್ಬುವ ಭರತದ ಹೊತ್ತು. ಕಪ್ಪು ನೀರು ಕಸವನ್ನು ಹೊತ್ತುಕೊಂಡು, ಸಮುದ್ರಕ್ಕೆ ಬೆನ್ನು ಮಾಡಿ, ಮನೆಗಳ ಕಡೆಗೆ ನಿಧಾನವಾಗಿ ಹರಿಯುತ್ತಿತ್ತು.